ಇಂಗ್ಲೆಂಡಿನಲ್ಲಿ ದವಾಖಾನೆ, ವಯಸ್ಸಾದ ಮೇಲೆ: ಹುಬ್ಬಳ್ಳಿಯ ತಮ್ಮನಿಗೆ ಉತ್ತರ

ತಮ್ಮಾ,

ನಿನ್ನ ಪ್ರಶ್ನೆ ಓದಿದೆ. ಕೇಶ್ವಾಪುರದವನು, ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆಲಸ ಸಿಕ್ಕಿದೆ, ಹೆಂಡತಿ ಜೊತೆ ಬರುವ ತಯಾರಿಯಲ್ಲಿದ್ದೀ. "ಕಾಕೂ, ಅಲ್ಲಿ ಡಾಕ್ಟರೇ ಸಿಗೂದಿಲ್ಲಂತ, ಖರೇನ? ವಯಸ್ಸಾದವರು ಅಲ್ಲಿ ಹೆಂಗ ಇರ್ತಾರ? ನಮ್ಮವ್ವಗ ಶುಗರ್ ಬಿಪಿ ಎರಡೂ ಅದಾವ, ಆಕೀನ ಕರಕೊಂಡು ಬಂದು ಇಟ್ಕೋಬಹುದಾ?" ಅಂತ ಕೇಳಿದ್ದೀ. ನಾನು ಗದಗಿನಲ್ಲಿ ಹುಟ್ಟಿ, ಹುಬ್ಬಳ್ಳಿಗೆ ಸೊಸೆಯಾಗಿ ಬಂದು, ಅಲ್ಲಿಂದ ಈ ಊರಿಗೆ ಬಂದವಳು. ಈಗ ಎಪ್ಪತ್ತು ದಾಟಿದೆ. ಇಲ್ಲಿನ ದವಾಖಾನೆಯ ಒಳ್ಳೆಯದು ಕೆಟ್ಟದ್ದು ಎರಡನ್ನೂ ಉಂಡಿದ್ದೇನೆ.

ಡಾಕ್ಟರ್ ಸಿಗುತ್ತಾರೆ. ಹುಬ್ಬಳ್ಳಿಯಲ್ಲಿ ಸಿಕ್ಕ ಹಾಗೆ ಸಿಗುವುದಿಲ್ಲ, ಅಷ್ಟೇ. ನಮ್ಮಲ್ಲಿ ಸಂಜೆ ಆರಕ್ಕೆ ಮೈ ಬಿಸಿಯಾದರೆ ಏಳಕ್ಕೆ ದವಾಖಾನೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬೆಂಚಿನ ಮೇಲೆ ಕೂತಿರುತ್ತೇವೆ. ನಂಬರ್ ಕೂಗುತ್ತಾರೆ, ಡಾಕ್ಟರು ನಾಲಿಗೆ ನೋಡುತ್ತಾರೆ, ಒಂದು ಇಂಜೆಕ್ಷನ್, ಮೂರು ದಿನದ ಗುಳಿಗೆ, ಮನೆಗೆ ಬಂದು ಗಂಜಿ. ಜಾಸ್ತಿಯಾದರೆ ನಾವು ಕೆಎಂಸಿ ಅಂತಲೇ ಕರೆಯುತ್ತಿದ್ದ ಕಿಮ್ಸ್ ಇದೆ, ಸತ್ತೂರಿನ ಎಸ್‌ಡಿಎಂ ಇದೆ. ಯಾರ ಹತ್ತಿರ ಹೋಗಬೇಕು ಅಂತ ನಾವೇ ತೀರ್ಮಾನ ಮಾಡುತ್ತೇವೆ.

ಇಲ್ಲಿ ಮೊದಲು ಜಿಪಿ. ಅಂದರೆ ನೀನು ಹೆಸರು ನೋಂದಾಯಿಸಿದ ಓಣಿಯ ಡಾಕ್ಟರು. ದೊಡ್ಡಾಸ್ಪತ್ರೆಯ ಸ್ಪೆಷಲಿಸ್ಟ್ ಬೇಕಾದರೂ ಇವರೇ ಪತ್ರ ಬರೆಯಬೇಕು. ಬೆಳಿಗ್ಗೆ ಎಂಟಕ್ಕೆ ಫೋನ್ ಹಚ್ಚಬೇಕು, ಇಲ್ಲವೇ ಮೊಬೈಲಿನಲ್ಲಿ ಫಾರ್ಮ್ ತುಂಬಬೇಕು. ಫೋನ್ ಎತ್ತಿದವಳು "ಏನು ತೊಂದರೆ?" ಅಂತ ಕೇಳುತ್ತಾಳೆ. "ಅದನ್ನು ಡಾಕ್ಟರಿಗೆ ಹೇಳ್ತೀನಿ, ನಿನಗ್ಯಾಕೆ" ಅಂತ ಸಿಟ್ಟಾಗಬೇಡ. ಯಾರನ್ನು ಇವತ್ತೇ ನೋಡಬೇಕು, ಯಾರು ವಾರ ಕಾಯಬಹುದು ಅಂತ ಬೇರೆ ಮಾಡುವುದು ಅವಳ ಕೆಲಸ. ಒಳಗೆ ಹೋದರೆ ಸುಮಾರು ಹತ್ತು ನಿಮಿಷ. ಮಂಡಿ ನೋವು, ನಿದ್ದೆ ಇಲ್ಲ, ಹೊಟ್ಟೆ ಉಬ್ಬರ ಎಲ್ಲಾ ಒಂದೇ ಸಲ ಬಿಚ್ಚಿದರೆ ಆಗುವುದಿಲ್ಲ. ಮುಖ್ಯವಾದದ್ದನ್ನು ಮೊದಲು ಹೇಳು. ಇನ್ನು ಕೆಮ್ಮು ನೆಗಡಿಗೆ ಹೋದರೆ "ನೀರು ಕುಡೀರಿ, ಪ್ಯಾರಾಸಿಟಮಾಲ್ ತಗೊಳ್ಳಿ, ಮೂರು ವಾರ ನೋಡಿ" ಅಂತಾರೆ. ಆಂಟಿಬಯೋಟಿಕ್ ಕೇಳಿದರೂ ಕೊಡುವುದಿಲ್ಲ, ಚೀಟಿ ಇಲ್ಲದೆ ಅಂಗಡಿಯಲ್ಲೂ ಸಿಗುವುದಿಲ್ಲ. ನಮ್ಮವರಿಗೆ ಇದು ದೊಡ್ಡ ಅವಮಾನ. ವೈರಸ್ ನೆಗಡಿಗೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ ಅಂತ ಹೇಳಿದರೂ "ಬರೀ ನೀರು ಕುಡಿ ಅನ್ನಾಕ ಡಾಕ್ಟರ್ ಯಾಕ ಬೇಕು" ಅಂತ ಗೊಣಗುತ್ತಾರೆ.

ಈಗ ನಾನು ಹೇಳಬೇಕೆಂದಿರುವ ಮಾತು. ಕಾಯಿಲೆ ಬಿದ್ದು ಓಡಿದರೆ ಕಾಯಿಸುವ ಇದೇ ಜನ, ನಾವು ಗಟ್ಟಿಮುಟ್ಟಾಗಿರುವಾಗ ತಾವಾಗಿಯೇ ಕರೆಯುತ್ತಾರೆ. ಮನೆಗೆ ಪತ್ರ ಬರುತ್ತದೆ, ಮೊಬೈಲಿಗೆ ಮೆಸೇಜ್ ಬರುತ್ತದೆ. ವಯಸ್ಸಾದಂತೆ ಆ ಪತ್ರಗಳೂ ಜಾಸ್ತಿಯಾಗುತ್ತವೆ. ಅವಕ್ಕೆ ಉತ್ತರ ಕೊಡುವವರು ಇಲ್ಲಿ ಚೆನ್ನಾಗಿ ಬಾಳುತ್ತಾರೆ. ಡ್ರಾಯರಿನಲ್ಲಿ ತುರುಕುವವರು ಎಂಟು ಗಂಟೆಯ ಫೋನಿಗೆ ಬೈಯುತ್ತಾ ಕೂರುತ್ತಾರೆ.

ಏನೇನು ಪತ್ರ ಅಂತೀಯಾ? ದೊಡ್ಡ ಕಾಯಿಲೆ ಇಲ್ಲದವರಿಗೆ 40ರಿಂದ 74ರ ತನಕ ಐದು ವರ್ಷಕ್ಕೊಮ್ಮೆ ಬಿಪಿ, ಕೊಲೆಸ್ಟ್ರಾಲ್ ನೋಡುತ್ತಾರೆ. ಶುಗರ್ ಇದ್ದವರ ಕಣ್ಣಿನ ಒಳಪರದೆಯ ಫೋಟೊ ವರ್ಷಕ್ಕೋ ಎರಡು ವರ್ಷಕ್ಕೋ ತೆಗೆಯುತ್ತಾರೆ. ಗಂಡಸರಿಗೆ 65 ತುಂಬುವ ವರ್ಷ ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬಿದೆಯಾ ಅಂತ ಒಂದು ಸ್ಕ್ಯಾನ್. ನಮ್ಮ ಮನೆಯವರು "ನನಗೇನೂ ಆಗಿಲ್ಲ, ಯಾಕೆ ಹೋಗಲಿ" ಅಂದರು. ಆ ನಾಳ ಒಡೆಯುವ ತನಕ ಯಾರಿಗೂ ಏನೂ ಆಗಿರುವುದಿಲ್ಲ, ಹೋಗಿ ಬನ್ನಿ ಅಂತ ಕಳಿಸಿದೆ.

ಇನ್ನೊಂದು ಪತ್ರದ ಕಥೆ ಹೇಳಲೇಬೇಕು. 50ರಿಂದ 74ರ ವಯಸ್ಸಿನವರಿಗೆ ಎರಡು ವರ್ಷಕ್ಕೊಮ್ಮೆ ಅಂಚೆಯಲ್ಲಿ ಒಂದು ಕಿಟ್ ಬರುತ್ತದೆ, ದೊಡ್ಡ ಕರುಳಿನ ಕ್ಯಾನ್ಸರ್ ಪರೀಕ್ಷೆಗೆ. ಕಿರುಬೆರಳಿನಷ್ಟು ಪ್ಲಾಸ್ಟಿಕ್ ಬಾಟಲಿ, ಮುಚ್ಚಳಕ್ಕೇ ಅಂಟಿಕೊಂಡ ಒಂದು ಕಡ್ಡಿ. ಆ ಕಡ್ಡಿಯನ್ನು ಮಲಕ್ಕೆ ತಾಗಿಸಿ ಬಾಟಲಿಗೆ ಸೇರಿಸಿ, ಕ್ಲಿಕ್ ಅಂತ ಮುಚ್ಚಿ, ಮೇಲೆ ತಾರೀಖು ಬರೆದು, ಅವರೇ ಕೊಟ್ಟ ಲಕೋಟೆಯಲ್ಲಿ ಹಾಕಿ ಅಂಚೆ ಡಬ್ಬಿಗೆ ಹಾಕುವುದು. ಕಣ್ಣಿಗೆ ಕಾಣದ ರಕ್ತ ಇದೆಯಾ ಅಂತ ಪ್ರಯೋಗಾಲಯದಲ್ಲಿ ನೋಡುತ್ತಾರೆ. ಯುಗಾದಿ ಊಟಕ್ಕೆ ಸೇರಿದಾಗ ಈ ಮಾತು ಎತ್ತಿದೆ. ಅರ್ಧ ಜನ "ಇಸ್ಸಿ, ಹೋಳಿಗೆ ಮುಂದ ಇಟ್ಕೊಂಡು ಎಂಥಾ ಮಾತ ತಗದ್ರಿ" ಅಂತ ಮುಖ ಮುಚ್ಚಿಕೊಂಡರು. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರೇ ಅಡುಗೆಮನೆಗೆ ಬಂದು, ತಮ್ಮದು ಬೀರುವಿನಲ್ಲಿ ಹಾಗೇ ಇದೆ ಅಂತ ಮೆತ್ತಗೆ ಹೇಳಿದರು. ನಾಚಿಕೆ ಆಗೋದಾದರೆ ಬಾಗಿಲು ಹಾಕಿಕೊಂಡು ಮಾಡಲಿ, ಯಾರು ನೋಡ್ತಾರೆ?

ಲಸಿಕೆ ವಿಷಯಕ್ಕೆ ಬರೋಣ. ನಮ್ಮ ತಲೆಯಲ್ಲಿ ಲಸಿಕೆ ಅಂದರೆ ಕೂಸಿಗೆ ಹಾಕಿಸುವುದು. ಇಲ್ಲಿ ಮುದುಕರಿಗೂ ಒಂದು ಪಟ್ಟಿ ಇದೆ. 65 ಆದ ಮೇಲೆ ಪ್ರತಿ ವರ್ಷ ಫ್ಲೂ ಲಸಿಕೆ, ಅಕ್ಟೋಬರ್ ಬಂತೆಂದರೆ ಮೆಸೇಜ್ ಬಂತು ಅಂತಲೇ. ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾಕ್ಕೆ 65ರಲ್ಲಿ ಒಂದು ಲಸಿಕೆ. 2024ರ ಸೆಪ್ಟೆಂಬರಿನಿಂದ 75 ತುಂಬಿದವರಿಗೆ ಆರ್‌ಎಸ್‌ವಿ ಅನ್ನುವ ಉಸಿರಾಟದ ವೈರಸ್ಸಿಗೂ ಶುರು ಮಾಡಿದ್ದಾರೆ. ಇದ್ಯಾವುದಕ್ಕೂ ದುಡ್ಡಿಲ್ಲ.

ನಾನು ತಪ್ಪದೆ ಹಾಕಿಸಿಕೊಂಡದ್ದು ಸರ್ಪಸುತ್ತಿನ ಲಸಿಕೆ. ಗದಗಿನಲ್ಲಿ ನಮ್ಮ ಅಜ್ಜಿಗೆ ಅದು ಬಂದಿತ್ತು. ಸೊಂಟದ ಒಂದು ಪಕ್ಕಕ್ಕೆ ಪಟ್ಟಿಯ ಹಾಗೆ ಗುಳ್ಳೆ ಎದ್ದವು. ಕೆಮ್ಮಣ್ಣು ಹಚ್ಚಿದರು, ಮಂತ್ರ ಹಾಕಿಸಿದರು. ಸುತ್ತು ಪೂರ್ತಿ ಕೂಡಿದರೆ ಜೀವ ಉಳಿಯುವುದಿಲ್ಲ ಅಂತ ಮನೆಮಂದಿಯೆಲ್ಲ ಹೆದರಿದ್ದರು. ಸುತ್ತು ಕೂಡಲೂ ಇಲ್ಲ, ಅಜ್ಜಿಗೆ ಏನೂ ಆಗಲೂ ಇಲ್ಲ. ಆದರೆ ಗುಳ್ಳೆ ಒಣಗಿದ ಮೇಲೂ ಎಷ್ಟೋ ತಿಂಗಳು ಸೀರೆ ನೆರಿಗೆ ತಾಗಿದರೆ ಕಿರುಚುತ್ತಿದ್ದಳು. ಅದು ಹಾವಿನ ಶಾಪ ಅಲ್ಲ. ಸಣ್ಣವರಿದ್ದಾಗ ಬಂದ ಚಿಕನ್‌ಪಾಕ್ಸ್ ವೈರಸ್ ನರದ ಬೇರಿನಲ್ಲಿ ಸುಮ್ನೆ ಮಲಗಿರುತ್ತದೆ, ವಯಸ್ಸಾಗಿ ಮೈಯ ಶಕ್ತಿ ಕುಗ್ಗಿದಾಗ ಏಳುತ್ತದೆ. ಒಂದು ನರದ ದಾರಿ ಹಿಡಿದು ಬರುವುದರಿಂದಲೇ ಒಂದೇ ಪಕ್ಕ ಪಟ್ಟಿಯಂತೆ ಕಾಣುವುದು. 2023ರ ಸೆಪ್ಟೆಂಬರಿನಿಂದ ಇಲ್ಲಿ 65 ತುಂಬುವವರಿಗೂ 70ರಿಂದ 79ರವರಿಗೂ ಶಿಂಗ್ರಿಕ್ಸ್ ಅನ್ನುವ ಲಸಿಕೆ ಕೊಡುತ್ತಿದ್ದಾರೆ, ಎರಡು ಡೋಸ್, ನಡುವೆ ಕನಿಷ್ಠ ಆರು ತಿಂಗಳು. ತೋಳು ಚೆನ್ನಾಗಿಯೇ ನೋಯಿತು, ರಾತ್ರಿ ಮೈ ಬಿಸಿಯಾಯಿತು. ಅಜ್ಜಿಯ ನೋವಿನ ಮುಂದೆ ಅದೇನು ಲೆಕ್ಕ.

ಇನ್ನು ಕಷ್ಟದ ಮಾತು. ಹಿಮದಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದಾಗ ಒಂದು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಮಧ್ಯಾಹ್ನ ಕೂತವಳು ನಡುರಾತ್ರಿ ಮನೆಗೆ ಬಂದೆ. ಪ್ಲಾಸ್ಟಿಕ್ ಕುರ್ಚಿ, ಮಷಿನ್ನಿನ ಚಹಾ. ಅದೇ ನಮ್ಮ ಮನೆಯವರಿಗೆ ಎದೆ ಹಿಡಿದಾಗ 999ಕ್ಕೆ ಫೋನ್ ಮಾಡಿದೆ. ಆಂಬುಲೆನ್ಸಿನವರು ಮನೆಯಲ್ಲೇ ಇಸಿಜಿ ತೆಗೆದು ನೇರ ಒಳಗೆ ಕರೆದುಕೊಂಡು ಹೋದರು. ಇಲ್ಲಿ ಸರದಿ ಯಾರು ಮೊದಲು ಬಂದರು ಅಂತಲ್ಲ, ಯಾರ ಜೀವಕ್ಕೆ ಹೆಚ್ಚು ಅಪಾಯ ಅಂತ. ಯಾವುದಕ್ಕೆ ಎಲ್ಲಿಗೆ ಹೋಗಬೇಕು ಗೊತ್ತಾಗದಿದ್ದರೆ 111ಕ್ಕೆ ಫೋನ್ ಮಾಡು, ರಾತ್ರಿಯಾದರೂ ಎತ್ತುತ್ತಾರೆ. ಗಂಟಲು ನೋವು, ಹೆಂಗಸರ ಉರಿಮೂತ್ರ, ಇಂಥ ಏಳು ತೊಂದರೆಗೆ 2024ರ ಜನವರಿ ಕೊನೆಯಿಂದ ಔಷಧಿ ಅಂಗಡಿಯವರೇ ನೋಡಿ ಮದ್ದು ಕೊಡುತ್ತಾರೆ, ಸರ್ಪಸುತ್ತೂ ಅದರಲ್ಲಿದೆ.

ಮಂಡಿ, ಸೊಂಟದ ಆಪರೇಷನ್ನಿಗೆ ಮಾತ್ರ ಸಂಯಮ ಬೇಕು. ಹದಿನೆಂಟು ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಅಂತ ಗುರಿ ಇದೆ, ಲಕ್ಷಗಟ್ಟಲೆ ಜನರಿಗೆ ಅದು ದಾಟುತ್ತದೆ. ಕಾಯಲಾಗದೆ ಕೆಲವರು ಹುಬ್ಬಳ್ಳಿಗೆ ಹೋಗಿ ಮಾಡಿಸಿಕೊಂಡು ಬರುತ್ತಾರೆ. ತಪ್ಪಲ್ಲ. ಆದರೆ ಮಂಡಿ ಬದಲಾಯಿಸಿದ ಮೇಲೆ ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸುವವರು ಬೇಕು. ಮೂರು ವಾರದ ರಜೆಯಲ್ಲಿ ಮುಗಿಯುವ ಕೆಲಸ ಅಲ್ಲ ಅದು.

ನಿಮ್ಮವ್ವನ ವಿಷಯ. ನೇರವಾಗಿ ಹೇಳುತ್ತೇನೆ: ಕರೆತಂದು ಇಟ್ಟುಕೊಳ್ಳುವುದು ಆಗುವ ಮಾತಲ್ಲ. 2012ರ ಜುಲೈನಿಂದ ನಿಯಮ ಬಿಗಿಯಾಗಿದೆ. ಮಗ ಇಲ್ಲಿ ಕಾಯಂ ಆಗಿರಬೇಕು. ತಾಯಿಗೆ ಉಡಲು, ತೊಳೆಯಲು, ಉಣ್ಣಲು ಇನ್ನೊಬ್ಬರು ಬೇಕಾಗಿರಬೇಕು, ಅಂಥ ಆರೈಕೆ ಊರಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ ಅಂತ ತೋರಿಸಬೇಕು. ಹುಬ್ಬಳ್ಳಿಯಲ್ಲಿ ಕೆಲಸದವರು ಸಿಗುವುದಿಲ್ಲ ಅಂದರೆ ಯಾರು ನಂಬುತ್ತಾರೆ? ಹಾಗಾಗಿ ಆರು ತಿಂಗಳೊಳಗಿನ ವಿಸಿಟರ್ ವೀಸಾ. ಮೇ ತಿಂಗಳಲ್ಲಿ ಕರೆಸು, ಚಳಿ ಹತ್ತುವ ಮೊದಲು ಕಳಿಸು. ನಾಲ್ಕಕ್ಕೇ ಕತ್ತಲಾಗುವ ಡಿಸೆಂಬರಿನಲ್ಲಿ ಒಬ್ಬಳೇ ಮನೆಯಲ್ಲಿ ಕೂತರೆ ಇಲ್ಲದ ಕಾಯಿಲೆಯೂ ಬರುತ್ತದೆ.

ವಿಸಿಟರ್ ಆಗಿ ಬಂದವರಿಗೆ ಜಿಪಿ ನೋಡಿದರೆ ದುಡ್ಡಿಲ್ಲ, ಎಮರ್ಜೆನ್ಸಿ ವಿಭಾಗದಲ್ಲೂ ಇಲ್ಲ. ಆದರೆ ವಾರ್ಡಿಗೆ ದಾಖಲಾದರೆ ಮಾಮೂಲಿ ದರದ ಒಂದೂವರೆ ಪಟ್ಟು ಬಿಲ್ ಹಾಕುತ್ತಾರೆ. 500 ಪೌಂಡ್ ಮೇಲಿನ ಬಾಕಿ ಉಳಿಸಿಕೊಂಡರೆ ಮುಂದಿನ ವೀಸಾಕ್ಕೆ ಅಡ್ಡಿಯಾಗಬಹುದು. ಅದಕ್ಕೇ ಇನ್ಶೂರೆನ್ಸ್ ಮಾಡಿಸುವಾಗ ಶುಗರ್ ಬಿಪಿ ಇರುವುದನ್ನು ಬರೆಸು, ಮೊದಲಿನಿಂದ ಇರುವ ಕಾಯಿಲೆಗೂ ಅನ್ವಯಿಸುವ ಪಾಲಿಸಿ ತೆಗೆದುಕೋ. ಕಡಿಮೆ ಕಂತು ನೋಡಿ ಮುಚ್ಚಿಟ್ಟರೆ ಬೇಕಾದಾಗ ಒಂದು ರೂಪಾಯಿಯೂ ಸಿಗುವುದಿಲ್ಲ.

ಅವ್ವ ಬರುವಾಗ ಇಲ್ಲಿ ಉಳಿಯುವಷ್ಟು ದಿನದ ಗುಳಿಗೆ, ಡಾಕ್ಟರ ಚೀಟಿ ಎರಡೂ ಇರಲಿ. ಚೀಟಿಯಲ್ಲಿ ಕಂಪನಿ ಹೆಸರಷ್ಟೇ ಅಲ್ಲ, ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್ ಅಂತ ಒಳಗಿನ ಔಷಧಿಯ ಹೆಸರು ಬರೆಸು. ನಮ್ಮಲ್ಲಿ ಎರಡು ಮೂರು ಔಷಧಿ ಕೂಡಿಸಿದ ಗುಳಿಗೆಗಳೇ ಜಾಸ್ತಿ, ಇಲ್ಲಿನವರಿಗೆ ಆ ಹೆಸರು ತಿಳಿಯುವುದಿಲ್ಲ. ಶುಗರ್ ಅಳತೆಯೂ ಬೇರೆ. ಅಲ್ಲಿ 180 ಅಂದರೆ ಇಲ್ಲಿ 10. ಹದಿನೆಂಟರಿಂದ ಭಾಗಿಸಿದರೆ ಆಯಿತು. ಮೂರು ತಿಂಗಳ ಸರಾಸರಿಯ ಪರೀಕ್ಷೆಯಲ್ಲಿ ಅಲ್ಲಿ 6.5 ಅನ್ನುವುದು ಇಲ್ಲಿ 48. ನಮ್ಮ ಪರಿಚಯದ ಒಬ್ಬರ ತಂದೆ ಮೀಟರಿನಲ್ಲಿ 9 ನೋಡಿ ಶುಗರ್ ಇಳಿದೇ ಹೋಯಿತು ಅಂತ ಸಕ್ಕರೆ ಬಾಯಿಗೆ ಹಾಕಿಕೊಂಡಿದ್ದರು.

ಊರಲ್ಲಿ ವಯಸ್ಸಾದವರನ್ನು ಲಸಿಕೆಗೆ ಯಾರೂ ಪತ್ರ ಬರೆದು ಕರೆಯುವುದಿಲ್ಲ. ಫ್ಲೂ, ನ್ಯುಮೋನಿಯಾ, ಸರ್ಪಸುತ್ತು ಮೂರೂ ಅಲ್ಲಿ ದುಡ್ಡಿಗೆ ಸಿಗುತ್ತವೆ, ಸರ್ಪಸುತ್ತಿನದು ದುಬಾರಿ. ಶುಗರ್ ಇರುವ ಅವ್ವನಿಗೆ ಯಾವುದು ಮೊದಲು ಅಂತ ಆಕೆಯ ಡಾಕ್ಟರನ್ನು ನೀನೇ ಹೋಗಿ ಕೇಳು. ಲಸಿಕೆಯ ಶಕ್ತಿ ಮೈಗೆ ಬರಲು ಎರಡು ವಾರವಾದರೂ ಬೇಕು, ವಿಮಾನದ ಹಿಂದಿನ ದಿನ ಹಾಕಿಸಬೇಡ.

ನಿಮ್ಮಿಬ್ಬರದು ಬೇಗ ಹೇಳಿ ಮುಗಿಸುತ್ತೇನೆ. ವೀಸಾದ ಜೊತೆ ಆರೋಗ್ಯದ ಸರ್‌ಚಾರ್ಜ್ ಒಬ್ಬರಿಗೆ ವರ್ಷಕ್ಕೆ 1035 ಪೌಂಡ್, ಅಷ್ಟೂ ವರ್ಷದ್ದು ಮೊದಲೇ ಕಟ್ಟಬೇಕು, ಮೂರು ವರ್ಷಕ್ಕೆ ಇಬ್ಬರಿಗೆ 6210. ಕಟ್ಟಿದ ಮೇಲೆ ಬಳಸಿಕೊಳ್ಳಿ. ಮನೆ ಸಿಕ್ಕ ವಾರವೇ ಜಿಪಿಯಲ್ಲಿ ಹೆಸರು ಬರೆಸಿ, ಅದಕ್ಕೆ ಫೀಸು ಇಲ್ಲ, ವಿಳಾಸದ ಪುರಾವೆ ಇಲ್ಲದಿದ್ದರೂ ನಡೆಯುತ್ತದೆ. ಚೀಟಿಯ ಒಂದೊಂದು ಔಷಧಿಗೂ ಇಂಗ್ಲೆಂಡಿನಲ್ಲಿ 2024ರಿಂದ 9.90 ಪೌಂಡ್. ಅರವತ್ತು ತುಂಬಿದವರಿಗೆ ಮಾಫಿ, ಶುಗರಿಗೆ ಗುಳಿಗೆ ತೆಗೆದುಕೊಳ್ಳುವವರಿಗೂ ಅರ್ಜಿ ಹಾಕಿದರೆ ಮಾಫಿ. ಬಿಸಿಲು ಕಡಿಮೆ, ನಮ್ಮ ಮೈಬಣ್ಣದವರಿಗೆ ವಿಟಮಿನ್ ಡಿ ಗುಳಿಗೆ ವರ್ಷಪೂರ್ತಿ ಬೇಕಾಗುತ್ತದೆ. ಹಲ್ಲಿನ ಕೆಲಸ ಏನೇ ಇದ್ದರೂ ಅಲ್ಲೇ ಮುಗಿಸಿ ಬನ್ನಿ, ಸರ್ಕಾರಿ ದರದಲ್ಲಿ ಹೊಸಬರನ್ನು ತೆಗೆದುಕೊಳ್ಳುವ ಹಲ್ಲಿನ ಡಾಕ್ಟರು ಇಲ್ಲಿ ಸಿಗುವುದು ಕಷ್ಟ. ಇನ್ನು ವೀಸಾಕ್ಕೆ ಟಿಬಿ ಇಲ್ಲ ಅನ್ನುವ ಸರ್ಟಿಫಿಕೇಟ್ ಬೇಕು, ಎದೆಯ ಎಕ್ಸ್‌ರೇ. ಯಾವುದೋ ಒಂದು ಕ್ಲಿನಿಕ್ಕಿನದು ನಡೆಯುವುದಿಲ್ಲ, ಬ್ರಿಟನ್ ಸರ್ಕಾರ ಒಪ್ಪಿದ ಕಡೆಯೇ ಆಗಬೇಕು, ಹುಬ್ಬಳ್ಳಿಯವರು ಬೆಂಗಳೂರಿಗೆ ಹೋಗಿ ಬರುತ್ತಾರೆ. ಅದು ನಡೆಯುವುದು ಆರು ತಿಂಗಳು ಮಾತ್ರ, ತೀರಾ ಮುಂಚೆ ಮಾಡಿಸಿಡಬೇಡಿ.