ಓದುಗರ ಪ್ರಶ್ನೆ: ಬೋಳಾದ ಬೆಟ್ಟ, ನಿದ್ದೆ ಹೋದ ಸಮಿತಿ

ಪ್ರಶ್ನೆ: ನಮ್ಮ ಅಡಿಕೆ ತೋಟಕ್ಕೆ ಸೇರಿದ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು, ಉರುವಲು ತರುವ ಕಾಡು) ಬೋಳಾಗಿದೆ. ಮತ್ತಿ, ಕಿಂದಳ ಮರಗಳ ಬೊಡ್ಡೆಗಳಷ್ಟೇ (ಕಡಿದ ಬುಡಗಳು) ಉಳಿದಿವೆ. ಬೇಗ ಹಸಿರಾಗಲೆಂದು ಅಕೇಶಿಯಾ ನೆಡಬಹುದೇ?
– ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ನೆಡಬೇಡಿ. ಈ ವರ್ಷ ಯಾವ ಸಸಿಯನ್ನೂ ತರಬೇಡಿ ಎಂದೇ ನನ್ನ ಸಲಹೆ. ಬೊಡ್ಡೆಗೆ ಜೀವವಿದ್ದರೆ ಅದರ ಬೇರು ಆಗಲೇ ಆಳಕ್ಕಿಳಿದಿರುತ್ತದೆ. ದನವನ್ನೂ ಬೆಂಕಿಯನ್ನೂ ತಡೆದರೆ ಅದರಿಂದ ಏಳುವ ಚಿಗುರು ನರ್ಸರಿಯ ಸಸಿಯನ್ನು ಹಿಂದೆ ಹಾಕಿ ಬೆಳೆಯುತ್ತದೆ. ಸಸಿಗೆಂದು ತೆಗೆದಿಟ್ಟ ಹಣವನ್ನು ಅಂಚಿನಲ್ಲಿ ಅಗಳ (ದನ ದಾಟದಂತೆ ಕಂದಕ) ತೋಡುವುದಕ್ಕೆ ಬಳಸಿ. ಬೆಟ್ಟಕ್ಕೆ ಬೆಟ್ಟ ತಾಗಿಕೊಂಡಿರುವಲ್ಲಿ ನೆರೆಯವರೊಡನೆ ಸೇರಿ ಒಟ್ಟಾಗಿ ಅಗಳ ತೆಗೆಸಿದರೆ ಖರ್ಚು ಇಳಿಯುತ್ತದೆ, ಒಬ್ಬರ ದನ ಇನ್ನೊಬ್ಬರ ಚಿಗುರು ತಿಂದ ಜಗಳವೂ ತಪ್ಪುತ್ತದೆ. ಬೇಸಿಗೆಗೆ ಮುನ್ನ ಅಂಚಿನುದ್ದಕ್ಕೂ ದರಕು (ಒಣಗಿ ಉದುರಿದ ಎಲೆ) ಗುಡಿಸಿ ಬೆಂಕಿರೇಖೆ ಮಾಡಿಕೊಳ್ಳಿ. ಒಂದೆರಡು ವರ್ಷದ ಬಳಿಕ ಪ್ರತಿ ಬೊಡ್ಡೆಯಲ್ಲಿ ಗಟ್ಟಿಯಾದ ಎರಡು ಮೂರು ಚಿಗುರು ಉಳಿಸಿ ಮಿಕ್ಕವನ್ನು ಸವರಿ. ಮುಂದೆ ಸೊಪ್ಪು ಕಡಿಯುವಾಗಲೂ ಮರದ ತುದಿಯನ್ನು ಮುಟ್ಟದೆ, ಬೆಟ್ಟವನ್ನು ಮೂರು ಪಾಲು ಮಾಡಿ ವರ್ಷಕ್ಕೊಂದು ಪಾಲಿನಲ್ಲಿ ಮಾತ್ರ ಕಡಿಯಿರಿ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಾವು ಹಿಂದೆ ಹಾಕುತ್ತಿದ್ದ ‘ತರಗು ಬೆಂಕಿ’ (ನೆಲದ ಒಣ ಎಲೆಯನ್ನಷ್ಟೇ ಸುಡುವ ಸಣ್ಣ ಬೆಂಕಿ) ನಿಂತ ಮೇಲೆ ಲಂಟಾನವೆಂಬ ಕಳೆಪೊದೆ ಹಬ್ಬಿತು ಎನ್ನುತ್ತಾರೆ. ಅದು ಆ ಕಾಡನ್ನು ತಲೆಮಾರುಗಳಿಂದ ಬಲ್ಲವರ ಮಾತು. ಎಳೆ ಚಿಗುರು ಏಳಬೇಕಾದ ನಿಮ್ಮ ಬೆಟ್ಟಕ್ಕೆ ಅದನ್ನು ಅನ್ವಯಿಸಬೇಡಿ.

ಚಿಗುರು ಬಾರದ ಖಾಲಿ ಜಾಗ ಎಲ್ಲಿದೆಯೆಂಬುದು ಎರಡು ಮಳೆಗಾಲದಲ್ಲಿ ತಾನಾಗಿ ಗೊತ್ತಾಗುತ್ತದೆ. ತೇವವಿರುವ ತಗ್ಗಿನಲ್ಲಿ ಉಪ್ಪಾಗೆ, ಮುರುಗಲು, ವಾಟೆಯಂಥ ಹುಳಿಹಣ್ಣಿನ ಮರಗಳನ್ನು ಹಾಕಿ; ಒಣ ಇಳಿಜಾರಿಗೆ ನೆಲ್ಲಿ, ಅಳಲೆ ಸಾಕು. ಉಪ್ಪಾಗೆ ಬೀಜ ಮೊಳೆಯಲು ತಿಂಗಳುಗಟ್ಟಲೆ ತೆಗೆದುಕೊಳ್ಳುವುದರಿಂದ ಪಾತಿಯನ್ನು ಅವಸರದಲ್ಲಿ ಕೆದಕಿ ನೋಡಬಾರದು. ಅದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಕಾಯಿಯ ಆದಾಯವನ್ನೇ ನೆಚ್ಚುವವರು ಹೆಣ್ಣು ಮರದ ಕಸಿಗಿಡಗಳ ನಡುವೆ ಕೆಲವು ಗಂಡು ಗಿಡಗಳನ್ನೂ ಉಳಿಸಿಕೊಳ್ಳಬೇಕು. ಅಕೇಶಿಯಾ ಬೇಗ ಬೆಳೆಯುವುದೇನೋ ನಿಜ, ಆದರೆ ಅದರ ಸೊಪ್ಪನ್ನು ದನ ಮೂಸುವುದಿಲ್ಲ, ಉದುರಿದ ಎಲೆ ಬೇಗ ಗೊಬ್ಬರವಾಗುವುದೂ ಇಲ್ಲ. ಅಂದಮೇಲೆ ತೋಟಕ್ಕೆ ಅದರಿಂದೇನು ಲಾಭ? ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಎಂಬ ಬ್ರಿಟಿಷರ ಕಾಲದ ಲೆಕ್ಕದಲ್ಲಿ ನಮಗೆ ದೊರೆತದ್ದು ಸೊಪ್ಪು, ದರಕು, ಉರುವಲಿನ ಸೌಲಭ್ಯವೇ ಹೊರತು ಭೂಮಿಯ ಒಡೆತನ ಅಲ್ಲವೆಂಬುದೂ ನೆನಪಿರಲಿ.

ಪ್ರಶ್ನೆ: ನಮ್ಮೂರ ಗ್ರಾಮ ಅರಣ್ಯ ಸಮಿತಿ ಕಾಗದದ ಮೇಲಷ್ಟೇ ಇದೆ. ಅದನ್ನು ಎಬ್ಬಿಸುವುದು ಹೇಗೆ?
– ಓದುಗರೊಬ್ಬರು, ಹೊನ್ನಾವರ

ಉತ್ತರ: ನಿಮ್ಮ ಪಕ್ಕದ ಕುಮಟಾ ತಾಲ್ಲೂಕಿನ ಹಳಕಾರಕ್ಕೆ ಒಮ್ಮೆ ಹೋಗಿಬನ್ನಿ. ಮುಂಬೈ ಪ್ರಾಂತದ ಆಡಳಿತವಿದ್ದಾಗ, 1920ರ ದಶಕದಲ್ಲಿ ಗ್ರಾಮ ಅರಣ್ಯವಾಗಿ ಊರವರ ಕೈಗೆ ಬಂದ ಕಾಡು ಅಲ್ಲಿದೆ. ಊರವರೇ ಹಣ ಹಾಕಿ ಕಾವಲುಗಾರನನ್ನು ಇಟ್ಟುಕೊಂಡದ್ದು, ಯಾರು ಏನನ್ನು ಯಾವಾಗ ತರಬಹುದೆಂದು ತಾವೇ ಗೊತ್ತುಮಾಡಿಕೊಂಡದ್ದು ಆ ಕಾಡು ಉಳಿಯಲು ಮುಖ್ಯ ಕಾರಣವೆಂದು ನನಗನ್ನಿಸುತ್ತದೆ. ಕರ್ನಾಟಕದಲ್ಲಿ ಅರಣ್ಯ ಇಲಾಖೆಯೂ ಊರವರೂ ಸೇರಿ ಕಾಡು ನೋಡಿಕೊಳ್ಳುವ ಜಂಟಿ ಅರಣ್ಯ ಯೋಜನೆಯ ಆದೇಶ ಹೊರಟದ್ದು 1993ರಲ್ಲಿ; ಅದರಡಿ ಹುಟ್ಟಿದ ಎಷ್ಟೋ ಸಮಿತಿಗಳು ಅನುದಾನ ಬಂದಾಗ ಎದ್ದು, ಮುಗಿದಾಗ ಮಲಗಿದವು. ಆದ್ದರಿಂದ ಅನುದಾನಕ್ಕೆ ಕಾಯದೆ ಮನೆಗಿಷ್ಟೆಂದು ವಂತಿಗೆ ಎತ್ತಿ, ಮೊದಲು ಒಬ್ಬ ಕಾವಲುಗಾರನನ್ನು ನೇಮಿಸಿ. ಉರುವಲಿಗೆ ಕಾಡನ್ನೇ ನಂಬಿದ ಬಡ ಮನೆಗಳ ಹೆಂಗಸರನ್ನು ಕೂರಿಸಿಕೊಂಡು ನಿಯಮ ಬರೆಯಿರಿ, ಇಲ್ಲವಾದರೆ ಅದು ಒಂದು ತಿಂಗಳೂ ನಿಲ್ಲದು.

2006ರ ಅರಣ್ಯ ಹಕ್ಕು ಕಾಯ್ದೆಯ ಮೂರನೆಯ ಕಲಮು, ಜನ ಪರಂಪರೆಯಿಂದ ಕಾಪಾಡಿಕೊಂಡು ಬಂದ ಸಮುದಾಯ ಅರಣ್ಯವನ್ನು ಸಂರಕ್ಷಿಸುವ, ಪುನಶ್ಚೇತನಗೊಳಿಸುವ, ನಿರ್ವಹಿಸುವ ಹಕ್ಕನ್ನು ಮಾನ್ಯ ಮಾಡುತ್ತದೆ. ಅರ್ಜಿಯನ್ನು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಯ ಮೂಲಕ ಕೊಡಬೇಕು. ಸೋಲಿಗರ ಗ್ರಾಮಸಭೆಗಳು 2011ರಲ್ಲಿ ಸಮುದಾಯ ಹಕ್ಕು ಪಡೆದದ್ದು ಈ ಕಾಯ್ದೆಯಡಿಯಲ್ಲೇ.

ಪ್ರಶ್ನೆ: ನಮ್ಮ ದೇವರಕಾಡಿನಲ್ಲಿ ಬಳ್ಳಿ, ಪೊದೆ ತೆಗೆದು ನೆಲಕ್ಕೆ ಟೈಲ್ಸ್ ಹಾಕಿಸುವ ಯೋಚನೆಯಿದೆ. ಸರಿಯೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಸರಿಯಲ್ಲ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿದ್ದು, ಅನೇಕವು ಈಗಾಗಲೇ ಬಲು ಚಿಕ್ಕ ತುಂಡುಗಳಾಗಿವೆ. ಪೊದೆಯ ನೆರಳಿನಲ್ಲೇ ಮರದ ಮರಿಗಳು ಏಳುವುದರಿಂದ, ಅದನ್ನು ಸವರಿದರೆ ಈಗಿನ ಹಿರಿಮರಗಳು ಬಿದ್ದಾಗ ಆ ಜಾಗಕ್ಕೆ ಬರುವ ಮರವೇ ಇರುವುದಿಲ್ಲ. ಹಬ್ಬಕ್ಕೆ ಬರುವ ಜನ ನಡೆಯುವಷ್ಟು ಅಗಲದ ಮಣ್ಣಿನ ದಾರಿ ಸಾಕು; ಅಡುಗೆಮನೆ, ವಾಹನ ನಿಲುಗಡೆ, ಚಪ್ಪರ ಎಲ್ಲವನ್ನೂ ಕಾಡಿನ ಗಡಿಯಿಂದಾಚೆಗೆ ಇಟ್ಟುಕೊಳ್ಳಿ.