ಹುಲಿಯ ಕಣ್ಣೀರನ್ನು ಬರೆಯದ ಚಿತ್ರ

ಪ್ರಶ್ನೆ: ನನ್ನ ಆರು ವರ್ಷದ ಮೊಮ್ಮಗಳಿಗೆ ಪುಣ್ಯಕೋಟಿಯ ಚಿತ್ರಪುಸ್ತಕವೊಂದನ್ನು ಓದಿ ಹೇಳಿದೆ. ಪುಟಕ್ಕೆರಡು ಸಾಲಿನ ಗದ್ಯ; ಹುಲಿಯಿರುವ ಚಿತ್ರಗಳಲ್ಲೆಲ್ಲ ಅದು ಬಾಯಿ ತೆರೆದು ಕೋರೆಹಲ್ಲು ತೋರಿಸುತ್ತಿದೆ. ಕೊನೆಯಲ್ಲಿ ಹುಲಿ ಸತ್ತಾಗ ಅವಳು ಚಪ್ಪಾಳೆ ತಟ್ಟಿ, “ಒಳ್ಳೇದಾಯ್ತು ಅಜ್ಜಿ, ಕೆಟ್ಟ ಹುಲಿ” ಎಂದಳು. ನಮ್ಮ ಅಮ್ಮ ಗೋವಿನ ಹಾಡನ್ನು ಹಾಡುವಾಗ ನಾವು ಅದೇ ಜಾಗದಲ್ಲಿ ಅಳುತ್ತಿದ್ದೆವು. ಕಥೆ ಒಂದೇ ಆಗಿದ್ದರೂ ಹೀಗೇಕೆ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಮೊಮ್ಮಗಳು ತಪ್ಪು ತಿಳಿದಿಲ್ಲ, ಆ ಪುಸ್ತಕ ಹೇಳಿದ್ದನ್ನೇ ಗ್ರಹಿಸಿದ್ದಾಳೆ. ಗೋವಿನ ಹಾಡಿನ ಜೀವವಿರುವುದು ಅದರ ಸಂಭಾಷಣೆಯಲ್ಲಿ. ಕರುವಿಗೆ ಹಾಲೂಡಿಸಿ ಬರುತ್ತೇನೆಂದು ಹಸು ಬಿನ್ನವಿಸಿಕೊಂಡಾಗ ಹುಲಿ ಸುಮ್ಮನೆ ಗರ್ಜಿಸುವುದಿಲ್ಲ, ವಾದಿಸುತ್ತದೆ: “ಹಸಿದ ವೇಳೆಗೆ ಸಿಕ್ಕಿದೊಡವೆಯ” ಬಿಟ್ಟರೆ ನೀನು ಮತ್ತೆ ಬರುವೆಯಾ ಎಂದು ಕೇಳುತ್ತದೆ. ಹಸಿವು ಅದರ ಬಾಯಿಂದಲೇ ಬಂದಾಗ, ಕೇಳುವ ಮಗುವಿಗೆ ಹುಲಿಯ ಕಡೆಯ ನ್ಯಾಯವೂ ಕಾಣುತ್ತದೆ. “ಹಸು ಬೇಡಿತು, ಹುಲಿ ಒಪ್ಪಿತು” ಎಂಬ ಗದ್ಯದಲ್ಲಿ ಘಟನೆ ಉಳಿಯುತ್ತದೆ, ಆದರೆ ಹುಲಿಯ ಮನಸ್ಸು ಕಳೆದುಹೋಗುತ್ತದೆ.

ಧ್ವನಿಯ ಮಾತೂ ಇದೇ. ಆ ಸಾಲನ್ನು ಗಂಟಲು ದಪ್ಪ ಮಾಡಿ ಓದಿದರೆ ಬೆದರಿಕೆಯಾಗುತ್ತದೆ, ಬಳಲಿದ ದನಿಯಲ್ಲಿ ನಿಧಾನವಾಗಿ ಓದಿದರೆ ಹೊಟ್ಟೆಯ ಸಂಕಟವಾಗುತ್ತದೆ. ನಿಮ್ಮ ತಾಯಿಯವರ ಹಾಡಿನಲ್ಲಿ ಹಸು, ಕರು, ಹುಲಿ ಮೂವರಿಗೂ ಒಂದೇ ಧಾಟಿಯಿತ್ತು ಎಂಬುದನ್ನು ನೆನೆಸಿಕೊಳ್ಳಿ. “ಆರ ಮೊಲೆಯನು ಕುಡಿಯಲಮ್ಮ” ಎಂದು ಕರು ಕೇಳುವ ರಾಗದಲ್ಲೇ ಹುಲಿಯೂ ಮಾತಾಡುತ್ತಿದ್ದುದರಿಂದ ನಿಮ್ಮ ಮರುಕ ಅದರ ಕಡೆಗೂ ಹರಿಯಿತು.

ಇನ್ನು ಚಿತ್ರ. ಓದಲು ಬಾರದ ಮಗು ದೊಡ್ಡವರ ಮಾತನ್ನು ಕೇಳುತ್ತಲೇ ಕಣ್ಣಿನಿಂದ ಚಿತ್ರವನ್ನು ಓದುತ್ತಿರುತ್ತದೆ. ಎರಡಕ್ಕೂ ಹೊಂದಿಕೆಯಾಗದಿದ್ದರೆ ಅದು ನಂಬುವುದು ಚಿತ್ರವನ್ನೇ ಎಂಬುದು ನನ್ನ ಅನುಭವ. ಚಿತ್ರಕಾರರು ಯಾವ ಕ್ಷಣವನ್ನು ಆರಿಸಿಕೊಳ್ಳುತ್ತಾರೆ ಎಂಬುದರಲ್ಲೇ ಅರ್ಥದ ಅರ್ಧ ನಿರ್ಧಾರವಾಗಿರುತ್ತದೆ. ‘ಚಂದಮಾಮ’ದಲ್ಲಿ ಶಂಕರ್ ಅವರು ವಿಕ್ರಮ ಬೇತಾಳ ಕಥೆಗಳಿಗೆ ಬರೆದ ಚಿತ್ರ ನಿಮಗೂ ನೆನಪಿದ್ದೀತು: ಕತ್ತಿ ಹಿಡಿದ ರಾಜ ಹೆಗಲ ಮೇಲೆ ಶವ ಹೊತ್ತು ನಡೆಯುತ್ತಾನೆ. ಅಲ್ಲಿ ಯಾರನ್ನೂ ಕೊಲ್ಲುತ್ತಿಲ್ಲ. ಛಲ ಬಿಡದ ನಡಿಗೆಯಷ್ಟೇ ಇದೆ, ಕಥೆಗಳ ತಿರುಳೂ ಅದೇ. ಪುಣ್ಯಕೋಟಿಯ ಹುಲಿಗೂ ಅಂಥ ಕ್ಷಣವೊಂದಿದೆ. ಹಸು ಮಾತು ಉಳಿಸಿಕೊಂಡು ಬಂದಾಗ ಅದು “ಕಣ್ಣ ನೀರನು ಸುರಿಸಿ ನೊಂದು”, ಹಸುವನ್ನು ಒಡಹುಟ್ಟಿದ ಅಕ್ಕನೆಂದು ಕರೆದು ಪ್ರಾಣ ಬಿಡುತ್ತದೆ. ಹೀಗೆ ಅಳುವ ಹುಲಿಯನ್ನು ಬರೆಯದೆ ಕೋರೆಹಲ್ಲನ್ನಷ್ಟೇ ಬರೆದರೆ, ಅದರ ಸಾವು ಮಗುವಿಗೆ ಶಿಕ್ಷೆಯಂತೆಯೇ ಕಾಣುತ್ತದೆ.

ಪುಸ್ತಕವನ್ನು ಎಸೆಯಬೇಕಾಗಿಲ್ಲ. ಒಂದು ಸಂಜೆ ಅದನ್ನು ಮುಚ್ಚಿಟ್ಟು, ನಿಮ್ಮ ಅಮ್ಮನ ಧಾಟಿಯಲ್ಲೇ ಹಾಡನ್ನು ಪೂರ್ತಿ ಹಾಡಿ. ಆಮೇಲೆ ಬಿಳಿ ಹಾಳೆ ಮತ್ತು ಬಣ್ಣದ ಪೆನ್ಸಿಲುಗಳನ್ನು ಕೊಟ್ಟು, ಹಸು ಮರಳಿ ಬಂದಾಗ ಹುಲಿಯ ಮುಖ ಹೇಗಿತ್ತು ಎಂದು ಅವಳನ್ನೇ ಬರೆಯಲು ಹೇಳಿ.