ಇಕಾಲಜಿಸ್ಟ್ ಆದರೆ ದಿನಾ ಏನು ಕೆಲಸ ಇರುತ್ತೆ?

ಬಿಎಸ್ಸಿ ಮುಗಿಸಿದ್ದೀರಿ. ಇಕಾಲಜಿಸ್ಟ್, ಅಂದರೆ ಗಿಡ, ಪ್ರಾಣಿ, ಪರಿಸರದ ನಂಟನ್ನು ಅಭ್ಯಾಸ ಮಾಡುವವರು, ಆದರೆ ದಿನಾ ಏನು ಮಾಡಬೇಕು, ಅದರಿಂದ ಕಾಡು ಉಳಿಯುತ್ತಾ ಅಂತ ಕೇಳಿದ್ದೀರಿ. ನಾನು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ವರ್ಷಗಟ್ಟಲೆ ಗಿಡಮರ ಎಣಿಸಿದವನು, ಅಲ್ಲಿನದನ್ನೇ ಹೇಳುತ್ತೇನೆ.

ಹೋದ ಜಾಗಕ್ಕೇ ಮತ್ತೆ ಮತ್ತೆ ಹೋಗುವುದೇ ಈ ಕೆಲಸ. ಗುರುತು ಹಾಕಿದ ಚೌಕಗಳಿರುತ್ತವೆ. ಮರಮರಕ್ಕೂ ನಂಬರಿನ ಬಿಲ್ಲೆ. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ಅಳೆಯಬೇಕು, ಸಸಿಗಳನ್ನು ಬಗ್ಗಿ ಎಣಿಸಬೇಕು. ಮೊದಲ ಸಲ ನೆಲ್ಲಿ ಮರಗಳನ್ನು ನೋಡಿ ಕಾಡು ಚೆನ್ನಾಗಿದೆ ಅಂದುಕೊಂಡಿದ್ದೆ. ಬಗ್ಗಿದಾಗ ಗೊತ್ತಾಯಿತು, ಕೆಳಗೆ ಒಂದು ನೆಲ್ಲಿ ಸಸಿಯೂ ಇಲ್ಲ. ಬರೀ ಲಂಟಾನ ಅನ್ನುವ ಮುಳ್ಳುಪೊದೆ. ಒಳಗೆ ನುಸುಳಿದರೆ ಕೈಯೆಲ್ಲಾ ಗೀರು, ನಡುಮಧ್ಯಾಹ್ನವೂ ಮಬ್ಬು, ಒಂದೆಳೆ ಹುಲ್ಲಿಲ್ಲ. ಕಾಟಿ, ಜಿಂಕೆ ಏನು ತಿನ್ನಬೇಕು ಹೇಳಿ?

ಅಮೆರಿಕ ಖಂಡದ ಈ ಗಿಡವನ್ನು 19ನೇ ಶತಮಾನದ ಶುರುವಿನಲ್ಲಿ ಬ್ರಿಟಿಷರು ಅಂದಕ್ಕೆಂದು ತಂದರು. ಹಣ್ಣು ತಿಂದ ಪಿಕಳಾರಗಳು ಬೀಜ ಹರಡಿದವು.

ಸೋಲಿಗರು ಈ ಬೆಟ್ಟದ ಬುಡಕಟ್ಟು ಜನ. ನನ್ನ ಜೊತೆ ಬರುತ್ತಿದ್ದ ಸೋಲಿಗ ಅಜ್ಜ ಒಬ್ಬರು ಲಂಟಾನ ಹೀಗೆ ಹಬ್ಬಿದ್ದಕ್ಕೆ ಬೇರೆ ಕಾರಣ ಹೇಳಿದರು. ಹಿಂದೆ ಬೇಸಿಗೆ ಬಲಿಯುವ ಮೊದಲೇ ಅವರು 'ತರಗು ಬೆಂಕಿ' ಹಾಕುತ್ತಿದ್ದರಂತೆ. ಉದುರಿದ ಎಲೆಯಷ್ಟೇ ಸುಟ್ಟು ಆರಿಹೋಗುವ ಸಣ್ಣ ಬೆಂಕಿ. ಲಂಟಾನದ ಎಳೆ ಸಸಿಯೂ, ನೆಲ್ಲಿ ಕೊಂಬೆಯ ಮೇಲೆ ಬೆಳೆದು ರಸ ಹೀರುವ ಉಪ್ಪಿಲು ಅನ್ನುವ ಬಂದಳಿಕೆ ಗಿಡವೂ ಅದರಿಂದ ಹತೋಟಿಯಲ್ಲಿದ್ದವು ಅಂದರು. 1974ರಲ್ಲಿ ಅಭಯಾರಣ್ಯವಾದ ಮೇಲೆ ಬೆಂಕಿ ಹಾಕುವುದು ನಿಂತಿತು. ಬೆಂಕಿ ಅಂದರೆ ನಾಶ ಅಂತಲೇ ಓದಿ ಬಂದಿದ್ದ ನನಗೆ ಇದನ್ನು ಒಪ್ಪಲು ಎರಡು ವರ್ಷ ಬೇಕಾಯಿತು. ಈಗ ಸುಮ್ನೆ ಕಡ್ಡಿ ಗೀರುವ ಹಾಗೂ ಇಲ್ಲ. ಆಳೆತ್ತರದ ಲಂಟಾನ ಹೊತ್ತಿಕೊಂಡರೆ ಉರಿ ಮರದ ತಲೆಗೇ ಏರುತ್ತೆ. ಕಡಿದರೆ ಬುಡದಲ್ಲಿ ಚಿಗುರುತ್ತೆ. ಬೇರುಸಮೇತ ಕಿತ್ತು, ಮಳೆ ನಿಂತ ಮೇಲೆ ಮತ್ತೆ ಬಂದು ಮರಿಗಿಡ ಕೀಳಬೇಕು.

ಇನ್ನು ಕಾಡು ಉಳಿಯುತ್ತಾ? ನಮ್ಮ ಎಣಿಕೆಯೊಂದರಿಂದಲೇ ಉಳಿಯಲ್ಲ. 2011ರಲ್ಲಿ ಈ ಬೆಟ್ಟ ಹುಲಿ ಮೀಸಲು ಆಯಿತು, ಅದೇ ವರ್ಷ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ, ಅಂದರೆ ಊರಿನವರೆಲ್ಲ ಸೇರಿ ಕಾಡನ್ನು ಬಳಸುವ, ಕಾಯುವ ಹಕ್ಕೂ, ಸಿಕ್ಕಿತು. ಅವರನ್ನು ಕೂರಿಸಿಕೊಂಡು ಮಾತಾಡದೆ ಮಾಡುವ ಯಾವ ಯೋಜನೆಯ ಮೇಲೂ ನನಗೆ ನಂಬಿಕೆ ಇಲ್ಲ.

ಓದಿಗೆ ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರ), ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಎರಡರಲ್ಲೂ ವನ್ಯಜೀವಿ ಎಂಎಸ್ಸಿ ಇದೆ. ಅರ್ಜಿ ಹಾಕುವ ಮೊದಲು ನಿಮ್ಮೂರ ಹತ್ತಿರ ಹತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲದ ಜಾಗ ಹಿಡಿದು, ತಿಂಗಳಿಗೊಮ್ಮೆ ಅಲ್ಲಿನ ಗಿಡಗಳನ್ನೆಲ್ಲಾ ಎಣಿಸಿ ಬರೆದಿಡಿ. ಆರನೇ ತಿಂಗಳಲ್ಲೂ ಹೋಗಬೇಕು ಅನ್ನಿಸಿದರೆ ಅರ್ಜಿ ಹಾಕಿ.